ನೆಲದ ಮೇಲಿದ್ದ ಕೇಬಲ್ ತುದಿ

ದೆವ್ವ, ಗಾಳಿ, ಶಕುನ ಎಂಬ ಮಾತು ಬಂದರೆ ನಾನು ಮೆಲ್ಲಗೆ ಎದ್ದು ಅಡುಗೆಮನೆಗೆ ಹೋಗುವವಳು. ವಾದ ಮಾಡುವ ಸ್ವಭಾವ ನನ್ನದಲ್ಲ. ಆದರೆ ಕಾನ್ವೆಂಟಿನಲ್ಲಿ ಸಿಸ್ಟರುಗಳ ಕೈಕೆಳಗೆ ಓದಿದವಳಿಗೆ ಅವನ್ನೆಲ್ಲ ನಂಬಲು ಆಗುತ್ತಿರಲಿಲ್ಲ. ಈಗಲೂ ನಂಬುವುದಿಲ್ಲ. ಹಾಗಾದರೆ ಆ ಮಧ್ಯಾಹ್ನ ನಡೆದದ್ದೇನು ಎಂದು ನೀವು ಕೇಳಿದರೆ ಕಂಡದ್ದನ್ನು ಕಂಡಂತೆ ಹೇಳುತ್ತೇನೆ.

ಅರಸೀಕೆರೆಯ ನಮ್ಮ ಮನೆಗೆ ಆಗಷ್ಟೇ ಇಂಟರ್ನೆಟ್ ಹಾಕಿಸಿದ್ದೆವು. ಹಾಲಿನಲ್ಲಿ, ಚಪ್ಪಲಿ ಸ್ಟ್ಯಾಂಡಿನ ಮೇಲೆ, ಬಿಳಿಯ ರೂಟರ್. ಮಗಳು ಸ್ಫೂರ್ತಿಯ ಲ್ಯಾಪ್‌ಟಾಪು, ನಮ್ಮ ಯಜಮಾನರ ಲ್ಯಾಪ್‌ಟಾಪು ಎರಡೂ ವೈಫೈಗೆ ಹೊಂದಿಕೊಂಡವು. ನಮ್ಮ ಕೊಬ್ಬರಿ ಮಂಡಿಯಿಂದ ತಂದಿಟ್ಟಿದ್ದ ಹಳೇ ಕಂಪ್ಯೂಟರ್ ಮಾತ್ರ ರೂಮಿನಲ್ಲಿ ಸುಮ್ಮನಿತ್ತು. ಅದಕ್ಕೆ ವೈಫೈ ಇಲ್ಲ, ಕೇಬಲ್ಲೇ ಎಳೆಯಬೇಕು. ಕೀಲಿಗಳ ಸಂದಿಯಲ್ಲಿ ಕೊಬ್ಬರಿ ಪುಡಿ ಇನ್ನೂ ಇತ್ತು.

ಅಂದು ಎರಡು ಗಂಟೆಗೆ ಸ್ಫೂರ್ತಿಗೆ ಎಂ.ಎಸ್ಸಿ. ಪ್ರವೇಶದ ಆನ್‌ಲೈನ್ ಪರೀಕ್ಷೆ. ಮಧ್ಯೆ ನೆಟ್ ಹೋದರೆ ಮುಗಿಯಿತು, ಇನ್ನೊಂದು ಅವಕಾಶವಿಲ್ಲ. ಊಟದ ಹೊತ್ತಿಗೆ ಎರಡೂ ಲ್ಯಾಪ್‌ಟಾಪುಗಳು ಕೈಕೊಟ್ಟವು. ವೈಫೈ ಗುರುತು ಇದೆ, ಪುಟ ಮಾತ್ರ ತೆರೆಯದು. ಮೊಬೈಲ್ ಸಿಗ್ನಲ್ ನಮ್ಮ ಮನೆಯೊಳಗೆ ಒಂದು ಕಡ್ಡಿ ಬಂದರೆ ಹೆಚ್ಚು. ಯಜಮಾನರು ಗೇಟಿನ ಬಳಿ ನಿಂತು, ನೆಟ್ ಹಾಕಿಕೊಟ್ಟ ರುದ್ರಣ್ಣನಿಗೆ ಫೋನ್ ಮಾಡಿದರು.

“ಬಾಣಾವರದಲ್ಲಿದೀನಿ ಕಣಣ್ಣ. ಹಳೇದೊಂದು ಐತಲ್ಲ, ಅದಕ್ಕೆ ವೈರ್ ಚುಚ್ಚಿ ನೋಡಿ. ಬತ್ತೀನಿ” ಎಂದನಂತೆ.

ನಾನು ಕೇಬಲ್ಲಿನ ಒಂದು ತುದಿಯನ್ನು ಕಂಪ್ಯೂಟರಿಗೆ ಚುಚ್ಚಿ, ಉಳಿದದ್ದನ್ನು ಬಾಗಿಲಿನ ಅಡಿಯಿಂದ ಹಾಲಿಗೆ ಎಳೆದುಬಿಟ್ಟೆ. ಆ ತುದಿಯನ್ನು ಯಜಮಾನರು ನೋಡಿಕೊಳ್ಳುತ್ತಾರೆ ಅಂದುಕೊಂಡೆ. ಅಷ್ಟರಲ್ಲಿ ಸ್ಫೂರ್ತಿ, “ಬಂತಮ್ಮಾ! ಓಪನ್ ಆಯ್ತು!” ಎಂದು ಕೂಗಿದಳು. ಬಾಗಿಲು ಮುಂದೆ ಮಾಡಿ ಹೊರಗೆ ಬಂದೆ.

ಪರೀಕ್ಷೆ ಶುರುವಾಯಿತು. ಸೀಟಿ ಕೂಗೀತೆಂದು ಕುಕ್ಕರ್ ಇಡಲಿಲ್ಲ. ಹೂವಿನವಳು “ಅಕ್ಕಾ, ಸೇವಂತಿಗೆ” ಎಂದಾಗ ತುಟಿಯ ಮೇಲೆ ಬೆರಳಿಟ್ಟೆ. “ಯಾಕಕ್ಕಾ, ಕೂಸು ಮಲ್ಗೈತಾ?” ಎಂದು ಪಿಸುಗುಟ್ಟಿ ನಕ್ಕಳು. ಅವಳನ್ನು ಕಳಿಸಿ ತಿರುಗಿದಾಗ ಕಣ್ಣು ನೆಲದ ಕಡೆ ಹೋಯಿತು.

ಕೇಬಲ್ಲಿನ ತುದಿ ಚಪ್ಪಲಿಗಳ ಪಕ್ಕದಲ್ಲಿ ಬಿದ್ದಿತ್ತು. ರೂಟರಿಗೂ ಅದಕ್ಕೂ ಮೊಳದಷ್ಟು ಅಂತರ. ಗಾಜಿನಂಥ ಆ ಪಿನ್ನಿನ ಮೇಲೆ ಇರುವೆಯೊಂದು ಹತ್ತಿ ಇಳಿಯುತ್ತಿತ್ತು. ಒಳಗೆ ಕೀಲಿಗಳ ಟಕಟಕ. ಸ್ಫೂರ್ತಿ ಬರೆಯುತ್ತಲೇ ಇದ್ದಳು.

ಯಜಮಾನರನ್ನು ಕೈಸನ್ನೆಯಿಂದ ಕರೆದೆ. “ನೀವು ಚುಚ್ಚಲಿಲ್ವೇನ್ರೀ?”

“ನೀನೇ ಅಲ್ವೇನೇ ಚುಚ್ಚಿದ್ದು?”

ಅವರು ಬಗ್ಗಿ ರೂಟರಿನ ಹಿಂಬದಿ ನೋಡಿದರು. ಹೊರಗಿನಿಂದ ಬಂದ ತಂತಿ, ಕರೆಂಟಿನ ವೈರು ಇವೆರಡನ್ನು ಬಿಟ್ಟರೆ ಅಲ್ಲಿ ಏನೂ ಇರಲಿಲ್ಲ. ನಾನು ತುದಿಯತ್ತ ಕೈಚಾಚಿದೆ. “ಮುಟ್ಬೇಡ ಕಣೇ” ಎಂದು ಮಣಿಕಟ್ಟು ಹಿಡಿದರು. ಚುಚ್ಚಿದರೆ ನಡೆಯುತ್ತಿರುವುದು ನಿಂತೀತೆಂಬ ಭಯ. ಬಿಟ್ಟರೆ ಯಾವ ಕ್ಷಣದಲ್ಲಾದರೂ ನಿಂತೀತೆಂಬ ಭಯ. ಗಾಳಿಗೆ ಅದು ಅಲುಗಬಾರದೆಂದು ಫ್ಯಾನ್ ಆರಿಸಿದೆವು. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಅದರ ಪಕ್ಕದಲ್ಲೇ ಕುಳಿತೆ, ಅವರೂ ಎದುರಿಗೆ ಕುಳಿತರು. ಒಳಗೆ ಟಕಟಕ ನಿಂತಾಗಲೆಲ್ಲ ತುದಿ ಅಲುಗಿತೇ ಎಂದು ಬಗ್ಗಿ ನೋಡುತ್ತಿದ್ದೆ.

ಕೊನೆಗೆ ಬಾಗಿಲು ತೆರೆಯಿತು. “ಸಬ್ಮಿಟ್ ಆಯ್ತಮ್ಮಾ. ಒಂದ್ಸಲಾನೂ ಕಟ್ ಆಗ್ಲಿಲ್ಲ. ಇದೇನು, ಇಬ್ರೂ ನೆಲದ ಮೇಲೆ?”

ರುದ್ರಣ್ಣ ಬಂದಾಗ ಆ ಕಂಪ್ಯೂಟರಿನಲ್ಲಿ ಒಂದು ಪುಟವೂ ತೆರೆಯಲಿಲ್ಲ. ರೂಟರ್ ಸರಿಮಾಡಿ ಕೇಬಲ್ ಚುಚ್ಚಿದ, ತೆರೆಯಿತು. ಕಿತ್ತ, ನಿಂತಿತು. ನಾವು ಹೇಳಿದ್ದನ್ನು ಕೇಳಿ ಕಂಪ್ಯೂಟರಿನ ಡಬ್ಬವನ್ನೇ ಬಿಚ್ಚಿ ನೋಡಿದ.

“ಇದ್ರಲ್ಲಿ ವೈಫೈ ಅನ್ನೋದೇ ಇಲ್ಲ ಕಣಕ್ಕ. ಗಾಬ್ರೀಲಿ ಏನೋ ನೋಡಿದ್ದೀರ.”

“ಇಬ್ಬರಿಗೂ ಒಂದೇ ಗಾಬರಿನೇನಯ್ಯಾ?” ಎಂದರು ಯಜಮಾನರು. ರುದ್ರಣ್ಣ ಕಾಫಿಯನ್ನೂ ಕುಡಿಯದೆ ಹೊರಟ.

ಸ್ಫೂರ್ತಿಗೆ ಸೀಟು ಸಿಕ್ಕಿತು. ಈಗ ಎರಡನೇ ವರ್ಷದಲ್ಲಿದ್ದಾಳೆ. ನಾವು ಕಥೆ ಕಟ್ಟುತ್ತಿದ್ದೇವೆ ಎಂದೇ ಅವಳ ನಂಬಿಕೆ. ರಜೆಗೆ ಬಂದಾಗಲೆಲ್ಲ ರೇಗಿಸುತ್ತಾಳೆ: “ಹಂಗಾದ್ರೆ ನನ್ನ ಉತ್ತರ ಎಲ್ಲಾ ಹೋಗಿದ್ದು ಯಾವ ದಾರೀಲಮ್ಮಾ?” ಯಜಮಾನರು ಪೇಪರನ್ನು ಮುಖಕ್ಕೆ ಅಡ್ಡ ಹಿಡಿಯುತ್ತಾರೆ. ನಾನು ಮೆಲ್ಲಗೆ ಎದ್ದು ಅಡುಗೆಮನೆಗೆ ಹೋಗುತ್ತೇನೆ.