ಕೆಳಗಿನ ಪೆಟ್ಟಿಗೆಯ ಮಕ್ಕಳು

ಅವರ ಬಲಗೈ ಹೆಬ್ಬೆರಳಿನ ಉಗುರು ಕಪ್ಪಗಿತ್ತು. ಮೋಟಾರಿಗೆ ತಂತಿ ಸುತ್ತುವಾಗ ಹಚ್ಚುವ ವಾರ್ನಿಷ್ ಉಗುರಿನ ಸಂದಿಗಿಳಿದು ಅಲ್ಲೇ ಗಟ್ಟಿಯಾಗಿತ್ತು. ಆ ಉಗುರಿನಿಂದ ಕಂಪ್ಯೂಟರ್ ಪರದೆಯನ್ನು ಕುಟ್ಟಿ, "ಮ್ಯಾಲಿರಾಕಿ ತಾಯಿ, ಕೆಳಗಿರೋವು ಮಕ್ಳು" ಎಂದು ತೋರಿಸಿದ್ದರು. ಅದು ಎಡಗೈಯೂ ಆಗಿದ್ದಿರಬಹುದು. ಅವರ ಬಗ್ಗೆ ಬರೆಯಲು ಕೂತಾಗಲೆಲ್ಲ ನನ್ನ ನೆನಪು ತನಗೆ ಅನುಕೂಲವಾದ ಕೈಯನ್ನು ಆರಿಸಿಕೊಳ್ಳುತ್ತದೆ. ಉಗುರಿನ ಕಪ್ಪು ಮಾತ್ರ ನಿಜ.

ನಾವೆಲ್ಲ ಅವರನ್ನು ಚಾಚಾ ಎನ್ನುತ್ತಿದ್ದೆವು. ಹಗರಿಬೊಮ್ಮನಹಳ್ಳಿಯಲ್ಲಿ ಅವರದು ಬೋರಿನ ಮೋಟಾರ್ ರಿವೈಂಡಿಂಗ್ ಅಂಗಡಿ. ಕೆಟ್ಟ ಯುಪಿಎಸ್ ನೋಡಲೆಂದು ಒಮ್ಮೆ ನಮ್ಮ ಕೂಡ್ಲಿಗಿ ಆಫೀಸಿಗೆ ಬಂದವರು ಕಂಪ್ಯೂಟರಿನ ಮುಂದೆ ಕೂತರು, ಮತ್ತೆ ಏಳಲಿಲ್ಲ. ನಮ್ಮದು ಮಕ್ಕಳ ಆರೋಗ್ಯದ ಒಂದು ಸಣ್ಣ ಟ್ರಸ್ಟ್. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ, ಐದೂ ಕಡೆ ಒಂದೊಂದು ಕೋಣೆಯ ದವಾಖಾನೆ. ಐದೂ ಊರಿನ ಹಾಳೆಗಳು ಬಸ್ಸಿನಲ್ಲಿ ಬಂದು ನನ್ನ ಮೇಜಿನ ಮೇಲೆ ಬೀಳುತ್ತಿದ್ದವು. ಅವನ್ನು ಕಂಪ್ಯೂಟರಿಗೆ ಏರಿಸುವುದು ನನ್ನ ಕೆಲಸ. ಏರಿಸಲು ಬೇಕಾದ ಫಾರ್ಮನ್ನು ಚಾಚಾ ಮಾಡಿಕೊಟ್ಟರು. ಯಾರಿಂದ ಕಲಿತರೋ ಗೊತ್ತಿಲ್ಲ. ಕೇಳಿದರೆ, "ಇದೂ ವೈಂಡಿಂಗ ಬೇಟಿ, ತಂತಿ ಕಾಣಂಗಿಲ್ಲ ಅಷ್ಟ" ಎಂದಿದ್ದರು.

ಫಾರ್ಮಿನ ಮೇಲ್ಭಾಗದಲ್ಲಿ ತಾಯಿಯ ಹೆಸರು ಮತ್ತು ನಂಬರ್. ಕೆಳಗೊಂದು ಪೆಟ್ಟಿಗೆ, ಅದರಲ್ಲಿ ಆಕೆಯ ಮಕ್ಕಳು, ಒಂದೊಂದು ಮಗುವಿಗೆ ಒಂದೊಂದು ಸಾಲು. ತಾಯಿಯ ನಂಬರೇ ಮಗುವಿನ ಸಾಲಿನಲ್ಲೂ ಇರಬೇಕು. ಅದೊಂದೇ ಇಬ್ಬರನ್ನೂ ಕಟ್ಟಿದ ತಂತಿ.

ತಾಯಿಯ ನಂಬರಿಗೆ ಊರಿನ ಮೊದಲಕ್ಷರ ಸೇರಿಸಿದ್ದೆವು. ಮೊದಲ ತಪ್ಪು ಅದು. ನಮ್ಮ ಕಡೆ ಹೆಣ್ಣುಮಕ್ಕಳು ಬಾಣಂತನಕ್ಕೆ ತವರಿಗೆ ಬರುತ್ತಾರೆ, ಹೆಸರು ದಾಖಲಾಗುವುದು ಅಲ್ಲೇ. ಐದಾರು ತಿಂಗಳಿಗೆ ಗಂಡನ ಮನೆಗೆ ಹೋದರೆ ಊರು ಬದಲು, ನಂಬರೂ ಬದಲು. ಅದಕ್ಕೆಂದೇ ಚಾಚಾ ಒಂದು ಚೌಕದಲ್ಲಿ ಟಿಕ್ ಹಾಕಿದ್ದರು: ತಾಯಿಯ ನಂಬರ್ ಬದಲಾದರೆ ಮಕ್ಕಳದೂ ತಾನಾಗಿ ಬದಲಾಗಲಿ.

ಟಿಕ್ ಇದ್ದರೂ ಅವರಿಗೆ ನಂಬಿಕೆಯಿಲ್ಲ. ಮೋಟಾರಿನ ಸುತ್ತುಗಳನ್ನು ತುಟಿಯಲ್ಲಿ ಎಣಿಸಿ ಎಣಿಸಿ ಅಭ್ಯಾಸವಾದವರು. ನಂಬರ್ ಬದಲಿಸುವ ಮುಂಚೆ ಒಮ್ಮೆ, ಬದಲಿಸಿದ ಮೇಲೆ ಒಮ್ಮೆ, ಕೆಳಗಿನ ಪೆಟ್ಟಿಗೆಯ ಸಾಲುಗಳನ್ನು ಬೆರಳು ಮಡಚಿ ಜೋರಾಗಿ ಎಣಿಸಬೇಕು.

"ತಾಯಿ ಎಷ್ಟು?"

"ಒಂದ್ರಿ ಚಾಚಾ."

"ಮಕ್ಳು?"

"ಎರಡು."

"ಒಂದ್ ಸುತ್ತು ತಪ್ಪಿದ್ರ ಮೋಟಾರ್ ಇವತ್ತ ಸುಡಂಗಿಲ್ಲ. ಓಡತೈತಿ, ನೀರೂ ಎತ್ತತೈತಿ. ಆಮ್ಯಾಲ ಸುಡತೈತಿ." ಇಷ್ಟು ಹೇಳಿ ನಗುತ್ತಿದ್ದರು. "ನಮ್ಮ ಮನ್ಯಾಗ ತಾಯಿ ನಂಬರ್ ಬದಲಾದ್ರ ಮಕ್ಳೆಲ್ಲ ಕೂಡೇ ಹೋಗ್ತಾವ, ನಾ ಒಬ್ನ ಉಳೀತೀನಿ."

ತೊಂದರೆ ಶುರುವಾಗಿದ್ದು ಲಸಿಕೆ ಪಟ್ಟಿಯಿಂದ. ಹಂಪಸಾಗರದ ಒಬ್ಬಾಕೆ ಎರಡನೆಯ ಬಾಣಂತನ ಮುಗಿಸಿ ಕೂಸನ್ನು ಎತ್ತಿಕೊಂಡು ಗಂಡನ ಊರು ಕಾನಹೊಸಹಳ್ಳಿಗೆ ಹೋಗುವವಳಿದ್ದಳು. ದೊಡ್ಡ ಮಗಳು, ಐದು ವರ್ಷದವಳು, ಅಜ್ಜಿಯ ಹತ್ತಿರವೇ ಉಳಿಯುತ್ತಾಳೆ. ಹೀಗೆ ತವರಲ್ಲಿ ಒಂದು ಮಗುವನ್ನು ಬಿಟ್ಟುಹೋಗುವುದು ನಮ್ಮಲ್ಲಿ ಹೊಸದಲ್ಲ. ಆದರೆ ಟಿಕ್ ಇದ್ದುದರಿಂದ ಅಂಥ ಮಕ್ಕಳೆಲ್ಲ ತಾಯಿಯ ಜೊತೆ ಬೇರೆ ಊರಿನ ಪಟ್ಟಿಗೆ ಹಾರುತ್ತಿದ್ದವು. "ಹುಡುಗ್ರು ನಮ್ಮ ಕಣ್ಮುಂದ ಅದಾವ, ನಿಮ್ಮ ಪಟ್ಟ್ಯಾಗ ಇಲ್ಲ" ಎಂದು ಸಿಸ್ಟರುಗಳು ಫೋನಿನಲ್ಲಿ ಬೈಯುತ್ತಿದ್ದರು.

ಚಾಚಾ ಕೇಳಿಸಿಕೊಂಡು, "ಮಗು ಎಲ್ಲೈತಿ ಅಂತ ಬ್ಯಾರೆ ಒಂದು ಕಾಲಮ್ ಮಾಡೋಣ. ಎಂಟು ದಿನ ಕೊಡು" ಎಂದರು.

"ಗುರುವಾರ ಲಸಿಕಿ ಐತ್ರಿ. ಸದ್ಯಕ್ಕ ಆ ಟಿಕ್ ತೆಗೀರಿ."

ನಾನು ಹೀಗೇ ಅಂದೆನೇ? "ಏನಾರ ಮಾಡ್ರಿ" ಎಂದಷ್ಟೇ ಅಂದೆ ಎಂದು ಬಹಳ ದಿನ ನಂಬಿಕೊಂಡಿದ್ದೆ. ಆ ನೆನಪು ನನಗೆ ಹಿತವಾಗಿತ್ತು. ಅದಕ್ಕೇ ಈಗ ಅದರ ಮೇಲೆ ಅನುಮಾನ.

"ಹುಡುಗಿ ಊರು ಬ್ಯಾರೆ ಇರಲಿ ಬೇಟಿ, ತಾಯಿ ನಂಬರ್ ಬ್ಯಾರೆ ಇರಬಾರ್ದು" ಎನ್ನುತ್ತಲೇ ಚಾಚಾ ಟಿಕ್ ತೆಗೆದರು. ಬೇಸಿಗೆ ಬಂತು. ಊರೂರಿನ ಮೋಟಾರುಗಳು ಸುಟ್ಟು ಅವರ ಅಂಗಡಿಯಲ್ಲಿ ರಾಶಿ ಬಿದ್ದವು. ಕಾಲಮ್ ಆಗಲಿಲ್ಲ, ನಾನೂ ನೆನಪಿಸಲಿಲ್ಲ. ಆ ತಾಯಿಯ ನಂಬರನ್ನು ಕಾನಹೊಸಹಳ್ಳಿಗೆ ಬದಲಿಸಿದೆ, ಕೂಸಿನದನ್ನೂ ಬದಲಿಸಿದೆ. ಹುಡುಗಿ ಅಜ್ಜಿಯ ಮನೆಯಲ್ಲೇ ಇದ್ದಾಳಲ್ಲ ಎಂದು ಅವಳ ಸಾಲಿನಲ್ಲಿ ಹಂಪಸಾಗರದ ನಂಬರನ್ನೇ ಬಿಟ್ಟೆ. ಊರಿನ ಪಟ್ಟಿಯಲ್ಲಿ ಅವಳ ಹೆಸರು ಸರಿಯಾಗಿ ಬಂತು. ತಾಯಿಯ ಫಾರ್ಮ್ ತೆರೆದರೆ ಅವಳಿಲ್ಲ.

ಹುಡುಗಿಯ ಆ ಸಾಲಿನ ಕೊನೆಯಲ್ಲಿ ಕೆಂಪಕ್ಷರದಲ್ಲಿ ಒಂದು ಮಾತಿತ್ತು: ಒಂದು ಇಂಜೆಕ್ಷನ್ನಿನ ಹೆಸರು, ಅದರ ಮುಂದೆ 'ಹಾಕಬಾರದು'. ಹಿಂದೊಮ್ಮೆ ಅದು ಒಗ್ಗದೆ ಮೈಯೆಲ್ಲ ದದ್ದೆದ್ದು ಉಸಿರು ಕಟ್ಟಿತ್ತು. ಆಗ ಕರೆದುಕೊಂಡು ಬಂದಿದ್ದವಳು ಅಜ್ಜಿ.

ಮರುವರ್ಷ ಶಾಲೆಗೆಂದು ಹುಡುಗಿಯನ್ನು ತಾಯಿ ಕಾನಹೊಸಹಳ್ಳಿಗೆ ಕರೆಸಿಕೊಂಡಿದ್ದಳು. ಜ್ವರ, ಗಂಟಲು ನೋವು. ಕೂಡ್ಲಿಗಿಯ ನಮ್ಮ ದವಾಖಾನೆಗೆ ಕರೆತಂದಳು. ಸಿಸ್ಟರ್ ನನ್ನ ಕಡೆ ಕಳಿಸಿದರು.

"ಹಿಂದ ಯಾವ್ದೋ ಸೂಜಿ ಒಗ್ಗಿಲ್ಲಂತ್ರಿ, ನಮ್ಮವ್ವ ಹೇಳಿದ್ಲು" ಎಂದಳು ತಾಯಿ. "ನೀವು ಬರಕೊಂಡಿರ್ತೀರಲ್ರಿ, ಅದ್ರಾಗ ನೋಡ್ರಿ."

ತಾಯಿಯ ನಂಬರ್ ಹಾಕಿದೆ. ಕೆಳಗಿನ ಪೆಟ್ಟಿಗೆಯಲ್ಲಿ ಒಂದೇ ಸಾಲು, ಕೂಸಿನದು. ನನ್ನೆದುರಿಗೆ ಎರಡು ಮಕ್ಕಳಿದ್ದವು. ಒಂದು ಆಕೆಯ ಸೊಂಟದ ಮೇಲೆ, ಒಂದು ಸೆರಗು ಹಿಡಿದು. ನಾನು ಎಣಿಸಲಿಲ್ಲ.

"ಏನೂ ಇಲ್ಲವ್ವಾ" ಎಂದೆ. ಹುಡುಗಿಯ ಹೆಸರಿಗೆ ಹೊಸ ಸಾಲು ತೆರೆದೆ. ಸಿಸ್ಟರ್ ಅದೇ ಇಂಜೆಕ್ಷನ್ ಹಾಕಿದರು. ದೊಡ್ಡಾಸ್ಪತ್ರೆಗೆ ಹೊರಟ ಗಾಡಿ ಊರು ದಾಟುವ ಮೊದಲೇ ಹುಡುಗಿ ತೀರಿಕೊಂಡಳು.

ಟ್ರಸ್ಟಿನ ಹಿರಿಯ ಡಾಕ್ಟರು ಎಲ್ಲರನ್ನೂ ಕೂರಿಸಿ ವಿಚಾರಿಸಿದರು.

"ಆ ಟಿಕ್ ತೆಗೆದವರು ಯಾರು?"

"ನಾನ್ರಿ" ಎಂದರು ಚಾಚಾ.

"ಯಾರು ಹೇಳಿದ್ರು?"

"ಯಾರೂ ಹೇಳಿಲ್ರಿ. ಕೈ ನಂದು."

ನಾನು ಅವರ ಉಗುರನ್ನೇ ನೋಡುತ್ತಿದ್ದೆ. ಏನೋ ಹೇಳಲು ಬಾಯಿ ತೆರೆದೆ, ಅಷ್ಟರಲ್ಲಿ ಅವರು ಎದ್ದರು ಎಂದು ಮನೆಯಲ್ಲಿ ಹೇಳಿದ್ದೇನೆ. ತೆರೆದಿರಲಿಲ್ಲ. ಹೊರಗೆ ಬಂದ ಮೇಲೆ ಕೇಳಿದೆ: "ಯಾಕ ಚಾಚಾ?"

"ನನಗ ಅಂಗಡಿ ಐತಿ. ನಿನಗೇನೈತಿ?" ಎಂದರು. ದನಿಯಲ್ಲಿ ಪ್ರೀತಿಯಿರಲಿಲ್ಲ. ಸಿಟ್ಟೂ ಇರಲಿಲ್ಲ. ಎರಡರಲ್ಲಿ ಒಂದು ಇತ್ತು ಎಂದು ಬರೆದರೆ ಓದುವವರಿಗೆ ಚೆಂದ.

ಅಂಗಡಿಯೂ ಬಹಳ ದಿನ ನಡೆಯಲಿಲ್ಲ. ಹುಡುಗಿಯನ್ನು ಕೊಂದ ಕಂಪ್ಯೂಟರ್ ಸಾಬ ಎಂಬ ಮಾತು ಹಬ್ಬಿತು. ಮೋಟಾರುಗಳು ಬೇರೆ ಅಂಗಡಿಗೆ ಹೋದವು.

ಅವರು ಒಮ್ಮೆ ಮಾತ್ರ ಆಫೀಸಿಗೆ ಬಂದು, ಹೀಗೆ ಹಳೆಯ ನಂಬರಿನಲ್ಲೇ ಉಳಿದು ತಾಯಿ ಸಿಗದ ಮಕ್ಕಳ ಸಾಲುಗಳನ್ನೆಲ್ಲ ಮೂರು ಹಾಳೆಗೆ ಇಳಿಸಿಕೊಂಡರು. ಇಂಥ ಒಂದು ಸಾಲು ಉಳಿದರೂ ಆ ಟಿಕ್ ಮತ್ತೆ ಕೂರುವುದಿಲ್ಲ. ಕಂಪ್ಯೂಟರ್ ಒಪ್ಪುವುದಿಲ್ಲ. ಹಾಳೆ ಹಿಡಿದು ಬಸ್ಸು ಹತ್ತಿ ಹಡಗಲಿ, ಮೈಲಾರ, ಕೊಟ್ಟೂರು, ಹರಪನಹಳ್ಳಿ ಸುತ್ತಿದರು. ಅಜ್ಜಿಯರ ಬಾಗಿಲಲ್ಲಿ ನಿಂತು, "ಈ ಮಗೂನ ತಾಯಿ ಈಗ ಯಾವೂರಾಗ ಅದಾಳ್ರಿ?" ಎಂದು ಕೇಳಿದರು. ಹರಪನಹಳ್ಳಿಯ ಕಡೆ ಒಬ್ಬಾಕೆ ಮಕ್ಕಳ ಕಳ್ಳ ಎಂದು ಕೂಗಿ ಜನ ಸೇರಿಸಿದಳಂತೆ. ರಾತ್ರಿ ಫೋನು ಮಾಡಿ ನನಗೆ ನಂಬರ್ ಹೇಳುವಾಗ ಅವರ ಎದೆಯ ಗೊರಗೊರ ಕೇಳುತ್ತಿತ್ತು. ವರ್ಷಗಟ್ಟಲೆ ಕುಡಿದ ವಾರ್ನಿಷಿನ ಹೊಗೆ. ಅದರಲ್ಲೇ ಹೋದರು. ಮಣ್ಣಿಗೆ ನಾನು ಹೋಗಲಿಲ್ಲ.

ತಿಂಗಳಾದ ಮೇಲೆ ಅವರ ಹೆಂಡತಿ ಚಾಚಿ ಆ ಹಾಳೆಗಳನ್ನು ತಂದು ನನ್ನ ಮೇಜಿನ ಮೇಲಿಟ್ಟು, "ನಿನಗ ಕೊಡು ಅಂದಿದ್ರು" ಎಂದಷ್ಟೇ ಹೇಳಿ ಹೋದರು. ಎಲ್ಲ ಹೆಸರುಗಳ ಮೇಲೂ ಪೆನ್ಸಿಲ್ ಗೆರೆ. ಒಂದರ ಮೇಲೆ ಮಾತ್ರ ಇಲ್ಲ. ಆ ಮಗುವಿನ ತಾಯಿ ಯಾವ ಊರಲ್ಲಿದ್ದಾಳೆ ಎಂದು ಅವರು ಯಾರನ್ನೂ ಕೇಳಬೇಕಾಗಿರಲಿಲ್ಲ.

ಹುಡುಗಿಯ ಹಳೆಯ ಸಾಲಿನಲ್ಲಿ ಹಂಪಸಾಗರದ ನಂಬರ್ ಅಳಿಸಿ ಕಾನಹೊಸಹಳ್ಳಿಯದನ್ನು ಬರೆದೆ. ಟಿಕ್ ಕೂತಿತು. ಆಮೇಲೆ ತಾಯಿಯ ಫಾರ್ಮ್ ತೆರೆದು ಬೆರಳು ಮಡಚಿದೆ. ತಾಯಿ ಒಂದು. ಮಕ್ಕಳು ಮೂರು: ಕೂಸು, ಕೆಂಪಕ್ಷರದ ಹುಡುಗಿ, ಮತ್ತೆ ಅದೇ ಹುಡುಗಿ, ನಾನು ತೆರೆದ ಹೊಸ ಸಾಲಿನಲ್ಲಿ, ಸತ್ತ ತಾರೀಖಿನೊಡನೆ.

ಒಂದನ್ನು ಅಳಿಸಬೇಕು. ನನ್ನ ಸಾಲನ್ನು ಅಳಿಸಿದರೆ ನಾನು ಮಾಡಿದ್ದೂ ಅದರ ಜೊತೆ ಹೋಗುತ್ತದೆ. ಅಳಿಸಿಲ್ಲ. ಪ್ರತಿ ತಿಂಗಳ ವರದಿಯಲ್ಲಿ ಆ ತಾಯಿಗೆ ಮೂರು ಮಕ್ಕಳು. ಲೆಕ್ಕ ಯಾಕೆ ತಪ್ಪಿದೆ ಎಂದು ಯಾರಾದರೂ ಕೇಳಿದರೆ, ಟಿಕ್ ತೆಗೆಸಿದವಳು ನಾನು ಎಂಬಲ್ಲಿಂದ ಹೇಳಬೇಕೆಂದಿದ್ದೇನೆ. ಇದುವರೆಗೆ ಯಾರೂ ಎಣಿಸಿಲ್ಲ.