ಮೊದಲ ಚಪ್ಪಲಿ ತರ್ರಿ
ದೊಡವಾಡದಲ್ಲಿ ಯಾವ ಮಗುವಿನ ಕಾಲಿಗೆ ಏನೇ ಆದರೂ ಡಾಕ್ಟರಿಗಿಂತ ಮೊದಲು ಓಡಿಬರುವವನು ಟಂಟಂ ರಿಕ್ಷಾ ಓಡಿಸುವ ಲಗಮಪ್ಪ. ಹತ್ತು ವರ್ಷದ ಹಿಂದೆ ಸಾಲಹಳ್ಳಿಯಿಂದ ಬಂದು ನೆಲೆಸಿದವನು. ಅಳು ಕೇಳಿದರೆ ಸಾಕು, ಕೈಯಲ್ಲಿದ್ದ ಚಹಾ ಚೆಲ್ಲಿ ಹೊರಟ. ಕಾಲು ಉಳುಕಿದ್ದರೆ, "ನಾಕ ಹೆಜ್ಜಿ ನಡಿಯವ್ವ" ಅನ್ನುತ್ತಾನೆ; ನಡೆದರೆ ಪೆಪ್ಪರಮಿಂಟು, ಕಾಲು ಊರಲಾಗದಿದ್ದರೆ ಬೈಲಹೊಂಗಲದ ದವಾಖಾನೆ. ಚಹಾಪುಡಿ ಮೆತ್ತಿದವರಿಗೆ, "ಗಾಯಕ್ಕ ಚಾ ಕುಡಸಾಕ ಹತ್ತೀರೇನ್ರಿ?" ಎಂದು ಬೈಗುಳ. ಮೊಳೆ ಚುಚ್ಚಿದ್ದರಂತೂ ಕಾಲು ನೋಡುವುದೇ ಇಲ್ಲ. "ಮೊದಲ ಚಪ್ಪಲಿ ತರ್ರಿ" ಎಂದು ಇಸಿದುಕೊಂಡು ಬಿಸಿಲಿಗೆ ಹಿಡಿಯುತ್ತಾನೆ. ತೂತಿನಿಂದ ಬೆಳಕು ತೂರಿ ಬಂತೋ ಮುಗಿಯಿತು, ಗಾಡಿಯಲ್ಲಿ ಕುಳಿತ ಮಂದಿಯನ್ನೆಲ್ಲ ಇಳಿಸಿ ದವಾಖಾನೆಯ ಕಡೆ ತಿರುಗಿಸಿಯೇ ಬಿಡುತ್ತಾನೆ. ನಿನ್ನೆ ಆರು ವರ್ಷದ ಮೀನಾಳ ಚಪ್ಪಲಿಯಲ್ಲಿ ಹಾಗೆ ಬೆಳಕು ಕಂಡಿತು. ಅಜ್ಜಿ ತಂಗೆವ್ವ ಬಾಗಿಲಿಗೆ ಅಡ್ಡ ನಿಂತಳು. "ರಕ್ತನ ಬಂದಿಲ್ಲೋ ಹುಚ್ಚಪ್ಪ. ಅರಿಷಿಣ ಹಚ್ಚೇನಿ, ನಾಳಿಗೆ ನೋಡೂಣು." "ರಕ್ತ ಬರಲಾರದ್ದಕ್ಕ ನನಗ ಅಂಜಿಕಿ, ಯವ್ವಾ. ಹೊಲಸೆಲ್ಲಾ ಒಳಗ ಕುಂತೈತಿ. ಬೈಯೂದಿದ್ರ ಗಾಡ್ಯಾಗ ಕುಂತ ಬೈಯಿ, ಹತ್ತಬೇ." ತಂಗೆವ್ವ ಗೊಣಗುತ್ತಲೇ ಹತ್ತಿದಳು. ಗಾಡಿ ಕುಲುಕಿದಾಗ ಕನ್ನಡಿಯ ಕೆಳಗೆ ತೂಗುತ್ತಿದ್ದ ಪುಟ್ಟ ಚಪ್ಪಲಿ ಅವಳ ಕಡೆಗೆ ತಿರುಗಿತು. ದೃಷ್ಟಿಗೆಂದು ಕಟ್ಟಿದ್ದಾನೆಂದೇ ಊರೆಲ್ಲ ತಿಳಿದಿದ್ದ ಚಪ್ಪಲಿ. ಅದರ ನಡುವಿನ ತೂತಿನಲ್ಲೂ ಬೆಳಕಿತ್ತು. "ಯಾರದೋ ಇದು?" "ನನ್ನ ಮಗಳು ಸಪ್ನಾಂದು. ನಾನೂ ನಾಳಿಗೆ ನೋಡೂಣಂದಿದ್ದೆ. ಕೂಸು ಉಳೀಲಿಲ್ಲ." ತಂಗೆವ್ವ ಮೊಮ್ಮಗಳ ಕಾಲನ್ನು ಮಡಿಲಿಗೆ ಎಳೆದುಕೊಂಡು, "ಜೋರ ಹೊಡಿಯೋ" ಎಂದಳು.