ಬಂದೂಕು ಹಿಡಿದವನ ಕಂಬಳಿ

ರಾಮಸಮುದ್ರದ ಬೀರಣ್ಣ ನೇಯ್ದ ಕಂಬಳಿಯ ಮೇಲೆ ಎಂಥ ಮಳೆ ಸುರಿದರೂ ಹನಿ ಒಳಗಿಳಿಯುತ್ತಿರಲಿಲ್ಲ. ಹುಣಸೆಬೀಜದ ಗಂಜಿ ಹಚ್ಚುವುದರಲ್ಲಿ ಅವನ ಕೈ ಅಂಥದ್ದು. ಅದರ ಸೊಕ್ಕೂ ಅವನಿಗಿತ್ತು. ನಿಜಾಮರ ಸೀಮೆ ಭಾರತಕ್ಕೆ ಸೇರಿದ ಮರುವರ್ಷ, ಸುರಪುರದಲ್ಲಿ ಬೀಡುಬಿಟ್ಟಿದ್ದ ಫೌಜಿಗೆ ಮಳೆಗಾಲದ ಕಂಬಳಿ ಬೇಕಾದಾಗ ಊರಿನ ಮಗ್ಗದವರೆಲ್ಲ ಅವನನ್ನೇ ಮುಂದೆ ಮಾಡಿ ಕಳಿಸಿದರು. ಅವನ ನಮೂನೆ ಪಾಸಾದರೆ ಎಲ್ಲರ ಮಗ್ಗಕ್ಕೂ ಕೆಲಸ; ಇಲ್ಲವಾದರೆ ಗಿರಣಿಯ ಕಂಬಳಿ ಬರುತ್ತಿತ್ತು.

ನಮೂನೆ ನೋಡಬೇಕಿದ್ದ ಫೌಜಿನ ಜಮಾದಾರರು ಕಂಬಳಿ ಮುಟ್ಟಲೂ ಇಲ್ಲ. "ಹೊದ್ಕೊಂಡು ನಿಲ್ಲಾಂವ ಹೇಳ್ಲಿ," ಎಂದು ಗೋಗಿ ಊರಿನ ಸಿಪಾಯಿ ಮೈನುದ್ದೀನನನ್ನು ಕರೆದರು. ಅವನು ಕುರಿಗಾರರಂತೆ ತಲೆಯ ಮೇಲಿಂದ ಹೊದ್ದು ಬಂದೂಕು ಎತ್ತಿದ. ಬಿರುಸು ಕಂಬಳಿ ಮೊಣಕೈಗೆ ತೊಡರಿ, ಜಾರಿ, ನೆಲಕ್ಕೆ ಬಿತ್ತು.

"ಒಂದು ಕೈಲೆ ಹಿಡ್ಕೋಬೇಕಪಾ," ಎಂದ ಬೀರಣ್ಣ.

"ಆವಾಗ ಬಂದೂಕ ನೀವು ಹಿಡೀತೀರೇನ್ರಿ ಕಾಕಾ?"

ಸಿಪಾಯಿಗಳೆಲ್ಲ ಗೊಳ್ಳೆಂದು ನಕ್ಕರು. "ನಡುವ ಕತ್ತರಿಸಿ ತಲಿ ತೂರಂಗ ಮಾಡ್ಕೊಂಡು ಸೋಮವಾರ ಬಾ," ಎಂದರು ಜಮಾದಾರರು.

ಕಂಬಳಿಗೆ ಕತ್ತರಿಯೇ? ದೇವರ ಗದ್ದುಗೆಗೆ ಹಾಸುವ ಕಂಬಳಿಗೆ ಅವನ ಕುಲದಲ್ಲಿ ಯಾರೂ ಕತ್ತರಿ ಹಾಕಿದವರಲ್ಲ. ಮನೆಗೆ ಬಂದವನೇ ಅದನ್ನು ಮೂಲೆಗೆ ಎಸೆದ. "ಆ ಮಂದಿಗಿ ಕಂಬಳಿ ಹೊದಿಯಾಕ ಬರಂಗಿಲ್ಲ!"

"ನಿನಗ ಬಂದೂಕ ಹಿಡಿಯಾಕ ಬರ್ತದೇನು?" ಎಂದಳು ಹೆಂಡತಿ ಭೀಮವ್ವ.

ಎರಡು ಪಟ್ಟಿ ಜೋಡಿಸಿ ಕಂಬಳಿ ಮಾಡುವ ಹೊಲಿಗೆ ಅವಳದೇ. ನಡುವೆ ತಲೆ ಹಿಡಿಸುವಷ್ಟು ಹೊಲಿಗೆ ಬಿಚ್ಚಿದಳು. "ಕತ್ತರಿ ಎಲ್ಲಿ ಆಡಿತು, ತೋರ್ಸು."

ಬೀರಣ್ಣ ತಲೆ ತೂರಿಸಿದ. ಕೋಲನ್ನೇ ಬಂದೂಕಿನಂತೆ ಹೆಗಲಿಗೇರಿಸಿ ನೋಡಿದ. ಕಂಬಳಿ ಜಾರಲಿಲ್ಲ, ಆದರೆ ತೋಳು ಮಡಚುವಲ್ಲಿ ಹಲಗೆಯಂತೆ ತಡೆಯಿತು. ಕೊನೆಗೆ ತಾನೇ ಬಾವಿಗೆ ಹೋಗಿ ತೋಳು ಮಡಚುವಷ್ಟು ಜಾಗದ ಗಂಜಿಯನ್ನು ತಿಕ್ಕಿ ತೊಳೆದ. ಅಲ್ಲಿ ಇನ್ನು ಹನಿ ಒಳಗಿಳಿಯುತ್ತದೆಂದು ಗೊತ್ತಿತ್ತು. ಕೈ ಮಾತ್ರ ನಿಲ್ಲಲಿಲ್ಲ.

ಸೋಮವಾರ ಮೈನುದ್ದೀನನ ಬಂದೂಕು ಸಲೀಸಾಗಿ ಹೆಗಲೇರಿತು. ಜಮಾದಾರರು ತಲೆಯಾಡಿಸಿದರು. ಬೀರಣ್ಣ ಮಾತ್ರ ಬಿಡಲಿಲ್ಲ. "ಬೋರಲ ಮಲಗು. ಏಳು. ಈಗ ಓಡು ನೋಡೋಣು." ಏಳುವಾಗ ಹುಡುಗನ ಕಾಲು ಮುಂದಿನ ಅಂಚನ್ನು ತುಳಿಯಿತು. "ಹಾಂ, ಮುಂದ ಗೇಣು ಕಡಿಮಿ ನೇಯಬೇಕು."

"ಪಾಸಾಗ್ಯದಪ್ಪ," ಜಮಾದಾರರು ನಕ್ಕರು. "ಊರಿಗಿ ಹೋಗಿ ಮಗ್ಗ ಹೂಡಸು."

"ತಡೀರಿ ಸಾಹೇಬ್ರ. ನಿಮ್ಮಾಗ ಎಲ್ಲಾರಕ್ಕಿಂತ ಉದ್ದನ್ನಾಂವ ಯಾರು? ಅವನ್ನೂ ಕರೀರಿ."